ಎತ್ತು ಎಳೆದ್ರ ಬಂಡಿ ಹೆಂಗ ಹೋಗ್ತದ?

ಹೋದ ವಾರ ಬೆಂಗಳೂರಿಂದ ದೇವದುರ್ಗಕ್ಕೆ ಹೋಗಿದ್ದೆ. ಅಕ್ಕನ ಮಗಳು ಒಂಬತ್ತನೇ ತರಗತಿ, ಮರುದಿನವೇ ವಿಜ್ಞಾನ ಪರೀಕ್ಷೆ. "ಮಾಮಾ ಇಂಜಿನಿಯರ್ ಅದಾನಲ್ಲ, ಅವನ್ನ ಕೇಳು" ಅಂತ ಅಕ್ಕ ಅವಳನ್ನು ಪುಸ್ತಕದ ಸಮೇತ ನನ್ನ ಮುಂದೆ ಕೂಡ್ರಿಸಿದಳು.

ಬಲ ಮತ್ತು ಚಲನೆಯ ಪಾಠ. ನ್ಯೂಟನ್ 1687ರಲ್ಲಿ ಪ್ರಕಟಿಸಿದ ಮೂರೂ ನಿಯಮಗಳನ್ನು ಒಂದೇ ಉಸಿರಿಗೆ ಒಪ್ಪಿಸಿದಳು. ನಾನು ಆರಾಮಾಗಿ ಚಹಾ ಕುಡೀತಿದ್ದೆ. ಆಗ ಕೇಳಿದಳು:

"ಮಾಮಾ, ಎತ್ತು ಬಂಡಿನ್ನ ಎಷ್ಟು ಎಳಿತದೋ ಬಂಡಿನೂ ಎತ್ತನ್ನ ಅಷ್ಟೇ ಹಿಂದಕ್ಕ ಎಳಿತದ. ಎರಡೂ ಸರಿಸಮ ಆದ್ವಲ್ಲ, ಮತ್ತ ಬಂಡಿ ಮುಂದಕ್ಕ ಹೆಂಗ ಹೋಗ್ತದ?"

ನನಗೆ ಉತ್ತರ ಹೊಳೆಯಲಿಲ್ಲ. "ಅದೆಲ್ಲ ಪರೀಕ್ಷೆಗೆ ಬರಂಗಿಲ್ಲ, ನಿಯಮ ಬರದ್ರ ಸಾಕು" ಅಂದುಬಿಟ್ಟೆ.

ಅವಳ ಮುಖ ಸಣ್ಣದಾಯಿತು. "ನನಗ ಸೈನ್ಸ್ ತಲಿಗೆ ಹೋಗಂಗಿಲ್ಲ ಬಿಡು ಮಾಮಾ."

ಆ ಮಾತು ಚುಚ್ಚಿತು. ತಲೆಗೆ ಹೋಗದೆ ಉಳಿದದ್ದು ನನಗೆ, ಅವಳಿಗಲ್ಲ. ಇದೇ ನಿಯಮವನ್ನು ಬಾಯಿಪಾಠ ಮಾಡಿ ಅಂಕ ತಗೊಂಡವನು ನಾನು.

"ನನಗೂ ಗೊತ್ತಿಲ್ಲವ್ವಾ, ಕೂಡಿ ನೋಡೋಣು" ಅಂದೆ. ಕಟ್ಟೆ ಮೇಲೆ ಕೂತಿದ್ದ ಅಪ್ಪ ಅಲ್ಲಿಂದಲೇ ಅಂದರು: "ಮಳಿಗಾಲದಾಗ ಎರಿ ಹೊಲದಾಗ ಎತ್ತಿನ ಕಾಲು ಜಾರಿದ್ರ ಬಂಡಿ ಗೇಣುದ್ದ ಮುಂದ ಹೋಗಂಗಿಲ್ಲ. ಎತ್ತಿಗೆ ಶಕ್ತಿ ಇದ್ರ ಸಾಲದು, ಕಾಲಿಗೆ ನೆಲ ಸಿಗಬೇಕು."

ಅಲ್ಲೇ ಉತ್ತರ ಇತ್ತು. ಕ್ರಿಯೆ, ಪ್ರತಿಕ್ರಿಯೆ ಸಮ ಇರೋದು ನಿಜ. ಆದರೆ ಎರಡೂ ಒಂದೇ ವಸ್ತುವಿನ ಮೇಲೆ ಬೀಳುವುದಿಲ್ಲ. ಎತ್ತು ಎಳೆಯೋದು ಬಂಡಿಯನ್ನು, ಬಂಡಿ ಎಳೆಯೋದು ಎತ್ತನ್ನು. ಹಾಗಾಗಿ ಒಂದರಿಂದ ಇನ್ನೊಂದನ್ನು ಕಳೆಯುವ ಹಾಗಿಲ್ಲ.

ಬಂಡಿಯದಷ್ಟೇ ಲೆಕ್ಕ ಮಾಡಿದೆವು. ಎತ್ತುಗಳು 500 ನ್ಯೂಟನ್ ಬಲದಿಂದ ಎಳೆದು, ಘರ್ಷಣೆ 400 ನ್ಯೂಟನ್ ತಡೆದರೆ ಉಳಿಯುವುದು 100. ಬಂಡಿಯ ರಾಶಿ 400 ಕೆ.ಜಿ. ಇದ್ದರೆ ವೇಗೋತ್ಕರ್ಷ 0.25 ಮೀ/ಸೆ². ಎತ್ತಿನ ಲೆಕ್ಕ ಬೇರೆ: ಗೊರಸು ನೆಲವನ್ನು ಹಿಂದಕ್ಕೆ ಒತ್ತುತ್ತದೆ, ನೆಲ ಎತ್ತನ್ನು ಮುಂದಕ್ಕೆ ತಳ್ಳುತ್ತದೆ. ಆ ತಳ್ಳು ಬಂಡಿಯ ಜಗ್ಗಿಗಿಂತ ಹೆಚ್ಚಾದಾಗ ಎತ್ತು ವೇಗ ಹಿಡಿಯುತ್ತದೆ. ಕೆಸರಲ್ಲಿ ಸಿಗದೇ ಇರೋದು ಈ ತಳ್ಳೇ.

ಅವಳು ಎತ್ತು, ಬಂಡಿ ಬೇರೆ ಬೇರೆ ಬರೆದು ಬಾಣ ಹಾಕಿದಳು. ಪ್ರತಿ ಬಾಣದ ಪಕ್ಕ "ಯಾರು? ಯಾರ ಮೇಲೆ?" ಅಂತ ಬರೆದಳು. ಆಮೇಲೆ ತಾನೇ ಅಂದಳು: "ರಾಯಚೂರು ಬಸ್ಸು ಬ್ರೇಕ್ ಹಾಕಿದ್ರ ನಾವು ಮುಂದಕ್ಕ ಬೀಳ್ತೀವಲ್ಲ, ಅಲ್ಲಿ ತಳ್ಳೋರು ಯಾರೂ ಇಲ್ಲ. ಅದು ಜಡತ್ವ, ಹೌದಲ್ಲ?" ಹೌದು.

ಪರೀಕ್ಷೆ ಮುಗಿಸಿ ಫೋನ್ ಮಾಡಿದಳು. ಎತ್ತಿನ ಪ್ರಶ್ನೆ ಬಂದಿರಲಿಲ್ಲ. "ಆದ್ರೂ ಗೆಳತ್ಯಾರಿಗೆಲ್ಲ ಹೇಳಿಕೊಟ್ಟೆ ಮಾಮಾ" ಅಂದಳು.

ನಿಮ್ಮ ಮನೆಯಲ್ಲೂ ಇಂಥ ಪ್ರಶ್ನೆ ಬಂದೀತು. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ, ಮಗುವಿನ ಜೊತೆ ಕೂತು ಹುಡುಕಿ. "ಪರೀಕ್ಷೆಗೆ ಬರಲ್ಲ" ಅಂತ ಮಾತ್ರ ಅನ್ನಬೇಡಿ.