ಬೀಗದ ಕೈ ಯಾರ ಹತ್ರ?

ಊರಲ್ಲಿ ಬೀಗ ಬಿದ್ದಿರೋ ಹಳೇ ಮನೆ ನಮ್ಮಲ್ಲಿ ಎಷ್ಟು ಜನಕ್ಕಿಲ್ಲ! ಮಾರೋ ಮಾತು ಬಂದಾಗಲೆಲ್ಲ ಮುಂದಿನ ವರ್ಷ ನೋಡೋಣ ಅಂತೀವಿ.

ಶಿಕಾಗೋದವರಿಗೆ ಲೇಕ್ ಫಾರೆಸ್ಟ್ ದೂರವಲ್ಲ. ಅಲ್ಲಿ ವಾಸ್ತುಶಿಲ್ಪಿ ಹೋವರ್ಡ್ ವ್ಯಾನ್ ಡೋರೆನ್ ಶಾ ಅವರು 1897ರಲ್ಲಿ ಬೇಸಿಗೆಗೆಂದು ಕಟ್ಟಿದ ತೋಟದ ಮನೆ ರ‍್ಯಾಗ್‌ಡೇಲ್ ಇದೆ. ಹೆಂಡತಿ ಬರೆದ ನಾಟಕ ಆಡಲೆಂದೇ 1912ರಲ್ಲಿ ಬಯಲು ರಂಗ ಮಾಡಿಸಿದರು. ಮಗಳು ಸಿಲ್ವಿಯಾ ಹೆಸರಾಂತ ಶಿಲ್ಪಿ. ಮೊಮ್ಮಗಳು ಆಲಿಸ್ 1976ರಲ್ಲಿ ಅದೇ ಮನೆಯನ್ನು ಬರಹಗಾರರು, ಕಲಾವಿದರು ಬಂದಿದ್ದು ಕೆಲಸ ಮಾಡೋ ಜಾಗ ಮಾಡಿದರು. ಡೆಟ್ರಾಯಿಟ್ ಕಡೆಯವರು ಕ್ರ್ಯಾನ್‌ಬ್ರೂಕ್‌ನ ಸಾರಿನೆನ್ ಮನೆ ನೋಡಿರ್ತೀರಿ. ಚಂದವೇ, ಆದರೆ ನೋಡಿ ಬರೋ ಮನೆ. ನಮಗೆ ಒಲೆ ಉರಿಯೋ ಮನೆಯೇ ಹಿಡಿಸುತ್ತೆ.

ಮಂಜೇಶ್ವರದಲ್ಲಿ ಗೋವಿಂದ ಪೈಗಳ ಮನೆ ‘ಗಿಳಿವಿಂಡು’ ಆಗಿ ಉಳೀತು, ಪುತ್ತೂರಿನ ಬಾಲವನದಲ್ಲಿ ಕಾರಂತರದ್ದು. ಅವು ದೊಡ್ಡ ಹೆಸರಿನವು, ಸರ್ಕಾರಕ್ಕೂ ಕಂಡವು. ಮೇಳದ ಭಾಗವತರ ಮನೆ, ತೊಗಲುಗೊಂಬೆಯವರ ಮನೆ ಯಾರಿಗೆ ಬೇಕು? ಹೆಂಚು ಕೈಯಾಡಿಸದೆ ನಾಲ್ಕು ಮಳೆಗಾಲ ಕಳೆದರೆ ಜಂತಿ ಕೂತೇಬಿಡುತ್ತೆ.

ಅಂಥ ಮನೆ ನಿಮ್ಮದಾಗಿದ್ದರೆ, ಈ ಸಲ ರಜೆಗೆ ಹೋದಾಗ ಬಣ್ಣ, ಬೋರ್ಡು ಆಮೇಲೆ. ಮೊದಲು ಅಣ್ಣತಮ್ಮ, ಅಕ್ಕತಂಗಿಯರನ್ನ ಕೂರಿಸಿಕೊಂಡು ಖಾತೆ ಯಾರ ಹೆಸರಲ್ಲಿದೆ ನೋಡಿ. ತಾತನ ಹೆಸರಲ್ಲೇ ಇದ್ದರೆ ಪೌತಿ ಖಾತೆಯಿಂದಲೇ ಶುರು.