ಶಾಲೆ ಮುಚ್ಚಿದಾಗ ಯಾರ ತಟ್ಟೆ ಖಾಲಿಯಾಯ್ತು?



ರೋಗಕ್ಕೆ ಜಾತಿ ಇಲ್ಲವಂತೆ. ಬರಕ್ಕೆ ಬಡವ ಬಲ್ಲಿದ ಎಂಬ ಭೇದ ಇಲ್ಲವಂತೆ. ಕೊರೊನಾ ಬಂದಾಗ ಈ ಮಾತನ್ನು ದಿನಕ್ಕೆ ಹತ್ತು ಸಲ ಕೇಳಿಸಿದರು. ಹೇಳಿದ ದೊಡ್ಡವರು ನಂದಗುಡಿ ಹೋಬಳಿಯ ಯಾವ ಕೇರಿಗೂ ಕಾಲಿಟ್ಟು ನೋಡಿ ಹೇಳಿದವರಲ್ಲ. ವೈರಸ್ಸಿಗೆ ಜಾತಿ ಇಲ್ಲದೆ ಇರಬಹುದು. ಅದು ಹೊಕ್ಕುವ ಮನೆಗೆ ಇದೆಯಲ್ಲ! ಆ ಮನೆಗೆ ಎಷ್ಟು ಕೋಣೆ, ನೀರು ಎಷ್ಟು ದೂರ, ಕೂಲಿ ನಿಂತರೆ ಒಲೆ ಎಷ್ಟು ದಿನ ಉರಿಯುತ್ತೆ, ಇದನ್ನೆಲ್ಲ ರೋಗ ಬರುವ ಮೊದಲೇ ಜಾತಿ ತೀರ್ಮಾನ ಮಾಡಿ ಇಟ್ಟಿರುತ್ತೆ.

ಇದು ಹೊಟ್ಟೆಕಿಚ್ಚಿನ ಮಾತಲ್ಲ, ಲೆಕ್ಕ ಇದೆ. 1918ರ ಇನ್‌ಫ್ಲುಯೆಂಜಾ ಕಾಲದಲ್ಲಿ ಮುಂಬಯಿ ನಗರದಲ್ಲಿ ಸತ್ತವರನ್ನು ಜಾತಿವಾರು ಎಣಿಸಿದ್ದರು. ಸಾವಿರಕ್ಕೆ ಯುರೋಪಿನವರು ಸತ್ತದ್ದು 8 ಜನ. ಸವರ್ಣ ಹಿಂದೂಗಳು ಸುಮಾರು 19. ‘ಕೆಳಜಾತಿ’ ಅಂತ ಬರೆದುಕೊಂಡವರು 61ಕ್ಕೂ ಮೇಲೆ. ಒಂದೇ ಊರು, ಒಂದೇ ರೋಗ.

ನೂರು ವರ್ಷ ಕಳೆದ ಮೇಲೆ ಬಂದ ಕೊರೊನಾದಲ್ಲಿ ಮಕ್ಕಳು ಹೆಚ್ಚು ಸಾಯಲಿಲ್ಲ. ಹಾಗಾಗಿ ಮಕ್ಕಳಿಗೆ ಏನೂ ಆಗಲಿಲ್ಲ ಎಂದು ಎಲ್ಲರೂ ಅಂದುಕೊಂಡರು. ನಾವು ಈ ಸಂಚಿಕೆಯಲ್ಲಿ ಕೇಳುತ್ತಿರುವುದು ಆ ‘ಏನೂ ಆಗಲಿಲ್ಲ’ ಎಂಬ ಮಾತಿನ ಲೆಕ್ಕವನ್ನು.

2020ರ ಮಾರ್ಚಿಯಲ್ಲಿ ಶಾಲೆಗಳಿಗೆ ಬೀಗ ಬಿತ್ತು. ಮೇ 4ರಂದು, ಅಂದರೆ ಲಾಕ್‌ಡೌನ್ ಶುರುವಾಗಿ ಬರೀ ನಲವತ್ತು ದಿನಕ್ಕೆ, ಕರ್ನಾಟಕದಲ್ಲಿ ಹೆಂಡದಂಗಡಿ ಬಾಗಿಲು ತೆಗೆಯಿತು. ಒಂದನೇ ತರಗತಿಯಿಂದ ಐದನೇ ತರಗತಿಯ ಮಕ್ಕಳಿಗೆ ಶಾಲೆಯ ಬಾಗಿಲು ತೆಗೆದದ್ದು 2021ರ ಅಕ್ಟೋಬರ್ 25ಕ್ಕೆ. ಹತ್ತೊಂಬತ್ತು ತಿಂಗಳು! 2020ರಲ್ಲಿ ಒಂದನೇ ಕ್ಲಾಸಿಗೆ ಹೆಸರು ಹಚ್ಚಿದ ಮಗು ಮೊದಲ ಸಲ ಬೆಂಚಿನ ಮೇಲೆ ಕೂತಾಗ ಅದು ಎರಡನೇ ಕ್ಲಾಸು. ಅ ಆ ಇ ಈ ಯಾರು ಕಲಿಸಬೇಕಿತ್ತು? ಅಕ್ಷರ ಬಲ್ಲ ಅಪ್ಪ ಅಮ್ಮ ಇದ್ದ ಮನೆಯಲ್ಲಿ ಅವರು ಕಲಿಸಿದರು. ಹೆಬ್ಬೆಟ್ಟು ಒತ್ತುವ ಅಮ್ಮ ಏನು ಕಲಿಸಬೇಕು? ಆ ಸಾಲಿನ ಮಕ್ಕಳೇ ಈಗ ಹೈಸ್ಕೂಲಿನ ಹೊಸ್ತಿಲಿಗೆ ಬರುತ್ತಿರುವವರು. ಓದಲು ತಡವರಿಸಿದರೆ ಮೇಷ್ಟ್ರುಗಳು ‘ಈ ಕಾಲೋನಿ ಹುಡುಗರ ತಲೇಲಿ ಏನೂ ಇಲ್ಲ’ ಅಂತಾರೆ. ತಲೆಯಲ್ಲಿ ಇಲ್ಲದ್ದಲ್ಲ ಸ್ವಾಮಿ, ಆ ಹತ್ತೊಂಬತ್ತು ತಿಂಗಳಲ್ಲಿ ಇಲ್ಲದ್ದು.

ಆನ್‌ಲೈನ್ ಪಾಠ ಅಂದರು. ಟಚ್ ಫೋನು ಇದ್ದ ಮನೆ ಕೇರಿಯಲ್ಲಿ ಎಷ್ಟು? ಇದ್ದ ಒಂದು ಫೋನೂ ಅಪ್ಪನ ಜೇಬಿನಲ್ಲಿ ಕೂಲಿಗೆ ಹೋಗುತ್ತೆ. ರಾತ್ರಿ ವಾಪಸ್ ಬಂದಾಗ ಚಾರ್ಜು ಇರಲ್ಲ, ಚಾರ್ಜು ಇದ್ದರೆ ಕರೆನ್ಸಿ ಇರಲ್ಲ. ಜ್ಯಾನ್ ಡ್ರೀಜ್, ರೀತಿಕಾ ಖೇರಾ ಮೊದಲಾದವರ ತಂಡ 2021ರ ಆಗಸ್ಟಿನಲ್ಲಿ ನಮ್ಮ ರಾಜ್ಯವೂ ಸೇರಿ 15 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ ಬಡವರ ಕೇರಿಗಳಲ್ಲಿ ಸುಮಾರು 1,400 ಮಕ್ಕಳನ್ನು ವಿಚಾರಿಸಿತು. ಹಳ್ಳಿಯ ದಲಿತ, ಆದಿವಾಸಿ ಮಕ್ಕಳಲ್ಲಿ ತಪ್ಪದೆ ಆನ್‌ಲೈನ್ ಪಾಠ ಓದುತ್ತಿದ್ದವರು ನೂರಕ್ಕೆ 4. ಅದೇ ಬಡ ಹಳ್ಳಿಗಳ ಬೇರೆ ಜಾತಿ ಮಕ್ಕಳಲ್ಲಿ 15. ನೋಡಿ, ಬಡತನದ ಒಳಗೂ ಎರಡು ಕೇರಿ. ಅಜೀಂ ಪ್ರೇಂಜಿ ವಿಶ್ವವಿದ್ಯಾಲಯದವರು ಕರ್ನಾಟಕವೂ ಸೇರಿ ಐದು ರಾಜ್ಯಗಳ ಸರ್ಕಾರಿ ಶಾಲೆಗಳಲ್ಲಿ 16,067 ಮಕ್ಕಳನ್ನು ನೋಡಿದಾಗ, ನೂರಕ್ಕೆ 92 ಮಕ್ಕಳು ಹಿಂದಿನ ವರ್ಷ ಬರುತ್ತಿದ್ದ ಭಾಷೆಯ ಒಂದಾದರೂ ಸಾಮರ್ಥ್ಯವನ್ನು ಮರೆತಿದ್ದರು. ಕಲಿಯದೆ ಇರುವುದು ಒಂದು, ಕಲಿತದ್ದೂ ಕೈ ಜಾರುವುದು ಇನ್ನೊಂದು.

‘ವಿದ್ಯಾಗಮ’ ಎಂಬ ಒಂದು ಒಳ್ಳೆ ಯೋಚನೆ 2020ರ ಆಗಸ್ಟಿನಲ್ಲಿ ಬಂತು. ಮೇಷ್ಟ್ರೇ ಊರಿಗೆ ಬಂದು ಮಕ್ಕಳನ್ನು ಗುಂಪು ಕೂರಿಸಿ ಪಾಠ ಹೇಳೋದು. ಅದನ್ನು ನಾವು ಹಂಗಿಸುವುದಿಲ್ಲ. ಬಿಸಿಲಲ್ಲಿ ನಡೆದು ಬಂದು ಪಾಠ ಹೇಳಿದ ಮೇಷ್ಟ್ರುಗಳಿಗೆ ನಮಸ್ಕಾರ. ಆದರೆ ಪಾಠ ಎಲ್ಲಿ? ಅರಳಿಕಟ್ಟೆ, ಮನೆ ಜಗಲಿ, ದೇವಸ್ಥಾನದ ಅಂಗಳ. ಯಾವ ದೇವಸ್ಥಾನ? ಯಾರ ಮನೆ ಜಗಲಿ? ನಮ್ಮ ಮಕ್ಕಳು ಯಾವ ಜಗಲಿ ಹತ್ತಬಹುದು, ಯಾವುದನ್ನು ಹತ್ತಬಾರದು ಎನ್ನುವುದು ಸುತ್ತೋಲೆ ಬರೆದವರಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಸುಮ್ಮನಿದ್ದರೋ! ಸರ್ಕಾರಿ ಶಾಲೆಯ ಕಟ್ಟಡಕ್ಕೆ ಎಷ್ಟೇ ಕುಂದು ಇರಲಿ, ಅದರ ಮೆಟ್ಟಿಲು ಎಲ್ಲರದು ಅಂತ ಕಾನೂನಾದರೂ ಹೇಳುತ್ತೆ. ಶಾಲೆಯನ್ನು ಊರಿನ ಜಗಲಿಗೆ ತಂದಾಗ ಊರಿನ ಕಟ್ಟುಪಾಡೂ ಅದರ ಜೊತೆ ಬಂದು ಕೂರುತ್ತೆ. ಅಕ್ಟೋಬರಿನಲ್ಲಿ ಸೋಂಕಿನ ಭಯದಿಂದ ಅದೂ ನಿಂತಿತು.

ಇನ್ನು ಊಟದ ಮಾತು. ಸರ್ಕಾರದ ಕಣ್ಣಿಗೆ ಶಾಲೆ ಅಂದರೆ ಪಾಠ, ಪರೀಕ್ಷೆ. ನಮ್ಮ ಮನೆಗಳಿಗೆ ಶಾಲೆ ಅಂದರೆ ಮಧ್ಯಾಹ್ನದ ಬಿಸಿ ಅನ್ನ ಸಾರು, 2013ರಿಂದ ಬಂದ ಒಂದು ಲೋಟ ಹಾಲು, ಕಬ್ಬಿಣದ ಮಾತ್ರೆ, ಜಂತುಹುಳದ ಮಾತ್ರೆ. ಕೂಲಿಗೆ ಹೋದ ಅಮ್ಮನಿಗೆ ಮಗು ಎಲ್ಲಿದೆ ಎಂಬ ಧೈರ್ಯ. ಒಂದು ಬೀಗ ಹಾಕಿದಾಗ ಇಷ್ಟೂ ಮುಚ್ಚಿತು. ಉಳ್ಳವರ ಮಗುವಿಗೆ ನಿಂತದ್ದು ಪಾಠ ಮಾತ್ರ. ನಮ್ಮ ಮಗುವಿಗೆ ನಿಂತದ್ದು ಊಟ.

ಬಿಸಿಯೂಟ ನಿಂತದ್ದನ್ನು ಕಂಡು 2020ರ ಮಾರ್ಚ್ 18ರಂದು ಸುಪ್ರೀಂ ಕೋರ್ಟು ತಾನಾಗಿಯೇ ರಾಜ್ಯಗಳನ್ನು ಪ್ರಶ್ನೆ ಮಾಡಿತು. ಆಮೇಲೆ ಅಕ್ಕಿ ಬೇಳೆ ಮನೆಗೆ ಕೊಟ್ಟರು. ಲೆಕ್ಕದ ಪ್ರಕಾರ ಚಿಕ್ಕ ಮಗುವಿಗೆ ದಿನಕ್ಕೆ 100 ಗ್ರಾಂ, ದೊಡ್ಡದಕ್ಕೆ 150 ಗ್ರಾಂ. ಕಾಗದದ ಮೇಲೆ ಸರಿ. ಕೂಲಿ ನಿಂತ ಮನೆಯಲ್ಲಿ ಆ ನೂರು ಗ್ರಾಂ ಅಕ್ಕಿ ಒಂದೇ ಮಡಕೆಗೆ ಬೀಳುತ್ತೆ, ಮಡಕೆಗೆ ಆರು ಕೈ. ಅಜ್ಜಿ ತಿನ್ನಬಾರದಾ? ಅಪ್ಪ ತಿನ್ನಬಾರದಾ? ಕಡೆಗೆ ಉಳಿದದ್ದು ಹೆಣ್ಣುಮಗುವಿನ ಪಾಲು. ಶಾಲೆಯಲ್ಲಿ ಬಡಿಸಿದ ತಟ್ಟೆ ಮಗುವಿನದು, ಮನೆಗೆ ಕೊಟ್ಟ ಅಕ್ಕಿ ಮನೆಯದು. ಈ ವ್ಯತ್ಯಾಸ ಗೊತ್ತಾಗಬೇಕಾದರೆ ಹಸಿವು ಗೊತ್ತಿರಬೇಕು.

ಹಾಸ್ಟೆಲ್ಲಿನ ವಿಷಯ ನಿಮಗೆ ನಾವು ಹೇಳಬೇಕಿಲ್ಲ. ಅನ್ನದಲ್ಲಿ ಕಲ್ಲು, ಸಾರಲ್ಲಿ ನೀರು ಎಂದು ನಾವು ಎಷ್ಟು ಸಲ ಧರಣಿ ಕೂತಿಲ್ಲ! ಆದರೂ ಅಲ್ಲಿ ಮೂರು ಹೊತ್ತು ತಟ್ಟೆ ಇತ್ತು, ತಲೆ ಮೇಲೆ ಒಂದು ಟ್ಯೂಬ್‌ಲೈಟ್ ಇತ್ತು, ಟ್ರಂಕು ಇಡಲು ಜಾಗ ಇತ್ತು. ಟ್ರಂಕು ಹೊತ್ತು ಮನೆಗೆ ಹೋಗಿ ಅಂದರು. ಒಂದು ಕೋಣೆಯ ಮನೆಯಲ್ಲಿ ಆ ಟ್ರಂಕನ್ನು ಎಲ್ಲಿಡಬೇಕು, ಪುಸ್ತಕ ಎಲ್ಲಿ ಬಿಚ್ಚಬೇಕು? ನಮ್ಮಲ್ಲಿ ಎಷ್ಟೋ ಜನ ಬಿಚ್ಚಲೇ ಇಲ್ಲ. ನೀಲಗಿರಿ ಕಡಿಯಲು, ರೇಷ್ಮೆ ಮನೆಗೆ ಸೊಪ್ಪು ಹೊರಲು, ಹೊಸಕೋಟೆಯ ಗೋಡೌನುಗಳಿಗೆ ಹೋದರು. ಹುಡುಗಿಯರಿಗೆ ‘ಹೆಂಗೂ ಕಾಲೇಜಿಲ್ಲ’ ಅಂತ ಗಂಡು ನೋಡಿದರು. ಅತ್ತ ಎಷ್ಟೋ ಕಡೆ ವಸತಿ ಶಾಲೆ, ಹಾಸ್ಟೆಲ್ಲುಗಳು ಕ್ವಾರಂಟೈನ್ ಕೇಂದ್ರಗಳಾದವು. ರೋಗಿಗೆ ಮಂಚ ಬೇಕು, ಅದಕ್ಕೆ ತಕರಾರಿಲ್ಲ. ಆದರೆ ಮದುವೆ ಇಲ್ಲದೆ ಬಿಕೋ ಅನ್ನುತ್ತಿದ್ದ ಕಲ್ಯಾಣ ಮಂಟಪಗಳು ಊರೂರಿಗೆ ಇದ್ದಾಗ ಮೊದಲು ನೆನಪಾದದ್ದು ನಮ್ಮ ಮಂಚ ಏಕೆ?

ಶಾಲೆ ಮುಚ್ಚಿದ್ದೇ ಅಪರಾಧ ಎಂದು ನಾವು ಹೇಳುತ್ತಿಲ್ಲ. ಎಲ್ಲಕ್ಕಿಂತ ಮೊದಲು ಮುಚ್ಚಿ, ಎಲ್ಲಕ್ಕಿಂತ ಕಡೆಗೆ ತೆಗೆದದ್ದು ಅಪರಾಧ. ಬೇರೆ ದಾರಿ ಇರಲಿಲ್ಲ ಅನ್ನುವವರಿಗೆ ಒಂದು ಮಾತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳಿಗೆ ಬರ ಎಂದು ಸರ್ಕಾರವೇ ಸಾರಿತು. ನಮ್ಮ ಕಡೆ ದಕ್ಷಿಣ ಪಿನಾಕಿನಿ ಹೆಸರಿಗೆ ಹೊಳೆ. ಬರ ಬಂದರೆ ಆಳದ ಬೋರ್‌ವೆಲ್ ಇದ್ದವನ ತೋಟ ಹಸಿರು, ಕೇರಿಯ ನಲ್ಲಿ ಮುಂದೆ ಬಿಂದಿಗೆ ಸಾಲು, ಆ ಸಾಲಲ್ಲಿ ಸ್ಕೂಲಿಗೆ ಹೋಗಬೇಕಾದ ಹುಡುಗಿ. ಆದರೆ 2024ರ ಬೇಸಿಗೆ ರಜೆಯಲ್ಲಿ ಬರದ ತಾಲ್ಲೂಕುಗಳ ಮಕ್ಕಳಿಗೆ ಶಾಲೆಯಲ್ಲೇ ಬಿಸಿಯೂಟ ಹಾಕಲು ಆದೇಶ ಆಯ್ತು. ಪಾಠ ಇಲ್ಲದಿದ್ದರೂ ಒಲೆ ಹಚ್ಚಬಹುದು ಎಂದು ಸರ್ಕಾರಕ್ಕೆ ಗೊತ್ತಿದೆ ಅಂತಾಯ್ತಲ್ಲ.

ಆದ್ದರಿಂದ ನಾವು ಕೇಳುವುದು ದಯೆಯನ್ನಲ್ಲ. ರೋಗ ಬರಲಿ, ಬರ ಬರಲಿ, ನೆರೆ ಬರಲಿ, ಅಂಗನವಾಡಿ, ಶಾಲೆ, ಹಾಸ್ಟೆಲ್ಲು ಕಡೆಗೆ ಮುಚ್ಚಬೇಕು, ಮೊದಲು ತೆಗೆಯಬೇಕು. ತರಗತಿ ನಿಂತರೂ ಅಡುಗೆ ಮನೆ ನಿಲ್ಲಬಾರದು. ಮನೆಯಲ್ಲಿ ಜಾಗ ಇಲ್ಲದ ವಿದ್ಯಾರ್ಥಿಯನ್ನು ಹಾಸ್ಟೆಲ್ಲಿನಿಂದ ಕಳಿಸಬಾರದು. ಇದನ್ನು ಜಿಲ್ಲೆಯ ವಿಪತ್ತು ನಿರ್ವಹಣಾ ಯೋಜನೆಯಲ್ಲಿ ಈಗಲೇ ಬರೆಸಬೇಕು. ಬೆಂಕಿ ಬಿದ್ದಾಗ ಬಾವಿ ತೋಡಲು ಹೊರಟರೆ ಮತ್ತೆ ನಮ್ಮ ಮನೆಯೇ ಸುಡೋದು.

ರಜೆಗೆ ಊರಿಗೆ ಹೋಗುವ ಗೆಳೆಯರು ಒಂದು ಕೆಲಸ ಮಾಡಿ. ನಿಮ್ಮ ಕೇರಿಯಲ್ಲಿ 2020ರಲ್ಲಿ ಶಾಲೆಗೆ ಹೋಗುತ್ತಿದ್ದ ಮಕ್ಕಳು ಎಷ್ಟು, ಮತ್ತೆ ಹೋದವರು ಎಷ್ಟು, ಕೂಲಿಗೆ ಬಿದ್ದವರು ಎಷ್ಟು, ಮದುವೆಯಾದವರು ಎಷ್ಟು, ಇವತ್ತು ಒಂದು ಪುಟ ತಡವರಿಸದೆ ಓದುವವರು ಎಷ್ಟು, ಮನೆ ಮನೆ ಕೇಳಿ ಬರೆದುಕೊಳ್ಳಿ. ಹೆಸರು ಬೇಡ, ಎಣಿಕೆ ಸಾಕು. ಶಾಲೆಯ ಎಸ್.ಡಿ.ಎಂ.ಸಿ. ಸಭೆ ಯಾವಾಗ, ಅದರಲ್ಲಿ ನಮ್ಮ ಕೇರಿಯ ತಾಯಂದಿರು ಯಾರಿದ್ದಾರೆ, ಅವರನ್ನು ಸಭೆಗೆ ಕರೆಯುತ್ತಾರೋ ಇಲ್ಲಾ ಮನೆಗೆ ಪುಸ್ತಕ ಕಳಿಸಿ ಹೆಬ್ಬೆಟ್ಟು ಹಾಕಿಸಿಕೊಳ್ತಾರೋ, ಅದನ್ನೂ ಕೇಳಿ. ಮುಂದಿನ ಸಭೆಗೆ ಆ ಪಟ್ಟಿ ತನ್ನಿ. ಎಲ್ಲ ಕೇರಿಗಳ ಎಣಿಕೆ ಕೂಡಿಸಿಕೊಂಡು ಹೊಸಕೋಟೆಯ ಬಿ.ಇ.ಓ. ಕಚೇರಿಗೆ ಒಟ್ಟಿಗೆ ಹೋಗೋಣ.