ಮುನ್ಸೂಚನೆಯ ಮಿತಿ

ಮುಂದಾಗುವುದನ್ನು ಹೇಳುವುದು ಎಲ್ಲ ವಿಷಯಗಳಲ್ಲೂ ಒಂದೇ ಸಮ ಕಷ್ಟವಲ್ಲ. ನೂರು ವರ್ಷಗಳಾಚೆಯ ಸೂರ್ಯಗ್ರಹಣದ ದಿನವನ್ನು ಇಂದೇ ಲೆಕ್ಕ ಹಾಕಿ ಹೇಳಬಹುದು. ಬರುವ ತಿಂಗಳ ಇಂಥ ದಿನ ಇಂಥ ಊರಲ್ಲಿ ಮಳೆಯಾಗುವುದೇ ಎಂದು ಖಚಿತವಾಗಿ ಹೇಳಲಾಗದು. ಈ ಅಂತರಕ್ಕೆ ಮಾಹಿತಿಯ ಕೊರತೆಯಷ್ಟೇ ಕಾರಣವಲ್ಲ; ಊಹಿಸಬೇಕಾದ ವಿಷಯದ ಸ್ವಭಾವವೂ ಕಾರಣ.

ಗ್ರಹಗಳನ್ನು ನಡೆಸುವ ಬಲಗಳು ಕೆಲವೇ. ಅಳತೆಯಲ್ಲಾದ ಸಣ್ಣ ತಪ್ಪು ಅಲ್ಲಿ ಬಹುಕಾಲ ಸಣ್ಣದಾಗಿಯೇ ಉಳಿಯುತ್ತದೆ. ಹಾಗಾಗಿ ಖಗೋಳ ವಿಜ್ಞಾನಿ ಎಡ್ಮಂಡ್ ಹ್ಯಾಲಿ ಲೆಕ್ಕ ಹಾಕಿ ಹೇಳಿದ್ದ ಧೂಮಕೇತು, ಅವರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, 1758ರ ಡಿಸೆಂಬರಿನಲ್ಲಿ ಮರಳಿ ಕಾಣಿಸಿತು.

ವಾಯುಮಂಡಲದಲ್ಲಿ ಹೀಗಾಗುವುದಿಲ್ಲ. 1961ರಲ್ಲಿ ಅಮೆರಿಕದ ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆಂಜ್ ತಮ್ಮ ಕಂಪ್ಯೂಟರ್ ಲೆಕ್ಕವೊಂದನ್ನು ಮತ್ತೆ ನಡೆಸುವಾಗ 0.506127 ಎಂಬುದರ ಬದಲು 0.506 ಎಂದು ಕೊಟ್ಟರು. ಮೊದಮೊದಲು ಹಳೆಯ ಲೆಕ್ಕದಂತೆಯೇ ಸಾಗಿದ ಫಲಿತಾಂಶ, ಕ್ರಮೇಣ ಅದರ ಗುರುತೇ ಸಿಗದಷ್ಟು ಬೇರೆಯಾಯಿತು. ನಿಯಮಗಳೆಲ್ಲ ತಿಳಿದಿದ್ದರೂ ಕೂದಲೆಳೆಯಷ್ಟು ತಪ್ಪು ಬೆಳೆಯುತ್ತ ಹೋಗುವುದರಿಂದ ದಿನದಿನದ ಹವಾಮಾನವನ್ನು ಸುಮಾರು ಎರಡು ವಾರಗಳಾಚೆ ಹೇಳುವುದು ಬಹಳ ಕಷ್ಟ.

ಇಡೀ ಮುಂಗಾರಿನ ಒಟ್ಟು ಮಳೆಯ ವಿಚಾರ ತುಸು ಬೇರೆ. ಸಮುದ್ರದ ಮೇಲ್ಮೈಯ ಬಿಸಿ ನಿಧಾನವಾಗಿ ಬದಲಾಗುವುದರಿಂದ ತಿಂಗಳುಗಳ ಮೊದಲೇ ಕೆಲವು ಸುಳಿವುಗಳು ಸಿಗುತ್ತವೆ. ಭಾರತದ ಹವಾಮಾನ ಇಲಾಖೆ 1886ರಲ್ಲೇ, ಹಿಮಾಲಯದ ಹಿಮವನ್ನು ಆಧರಿಸಿ, ಮುಂಗಾರಿನ ಮುನ್ಸೂಚನೆ ಕೊಡತೊಡಗಿತು. ಆದರೆ ಸುಳಿವು ಖಾತರಿಯಲ್ಲ. 1997ರಲ್ಲಿ ಪ್ರಬಲ ಎಲ್ ನಿನೋ (ಮುಂಗಾರನ್ನು ಹಲವು ಬಾರಿ ಕುಗ್ಗಿಸುವ, ಪೆಸಿಫಿಕ್ ಸಾಗರದ ಮೇಲ್ಮೈ ಬಿಸಿಯೇರಿಕೆ) ಇದ್ದರೂ ಮಳೆ ವಾಡಿಕೆಯಷ್ಟಾಯಿತು. 2002ರಲ್ಲಿ ವಾಡಿಕೆಯ ಮಳೆಯ ಮುನ್ಸೂಚನೆಯಿದ್ದರೂ ಸುಮಾರು 19% ಕೊರತೆ ಬಿತ್ತು.

ಮನುಷ್ಯರ ವ್ಯವಹಾರದಲ್ಲಿ ಇನ್ನೊಂದು ತೊಡಕಿದೆ: ಮುನ್ಸೂಚನೆಯೇ ಮುಂದಿನದನ್ನು ಬದಲಿಸುತ್ತದೆ. ಮಳೆ ಬರುವುದೆಂದರೆ ಮೋಡ ಕೇಳಿಸಿಕೊಳ್ಳುವುದಿಲ್ಲ. ಟೊಮೆಟೊ ಬೆಲೆ ಏರುವುದೆಂದರೆ ರೈತರು ಕೇಳಿಸಿಕೊಳ್ಳುತ್ತಾರೆ, ಹೆಚ್ಚು ಹೊಲಗಳಲ್ಲಿ ಅದನ್ನೇ ನೆಡುತ್ತಾರೆ, ಫಸಲು ಮಂಡಿಗೆ ಬರುವಷ್ಟರಲ್ಲಿ ಬೆಲೆ ಕುಸಿದಿರುತ್ತದೆ. ರೋಗ ಹರಡುವುದೆಂಬ ಎಚ್ಚರಿಕೆಯಿಂದ ಜನ ಜಾಗ್ರತರಾಗಿ ರೋಗ ತಗ್ಗಿದರೆ, ಸುಳ್ಳಾದಂತೆ ಕಾಣುವ ಆ ಮಾತು ತನ್ನ ಕೆಲಸ ಮಾಡಿರುತ್ತದೆ.

ಆದುದರಿಂದ ಮುನ್ಸೂಚನೆ ಕೊಡುವವರು ಸಂಭವವೆಷ್ಟು ಎಂಬುದನ್ನೂ ಹೇಳಬೇಕು. 70% ಮಳೆಯ ಸಂಭವವೆಂದ ದಿನ ಮಳೆ ಬಾರದಿದ್ದರೆ ಅಷ್ಟರಿಂದಲೇ ಆ ಮಾತು ತಪ್ಪಲ್ಲ; ಅಂಥ ನೂರಾರು ದಿನಗಳಲ್ಲಿ ಎಷ್ಟು ದಿನ ಮಳೆಯಾಯಿತೆಂದು ನೋಡಿ ಅದನ್ನು ಅಳೆಯಬೇಕು. ಕೇಳುವವರು ಒಂದೇ ಫಲವನ್ನು ನೆಚ್ಚಿ ಕೂರಬಾರದು. ರಾಗಿಯ ನಡುವೆ ಅವರೆ, ತೊಗರಿಗಳ ಅಕ್ಕಡಿ ಸಾಲು ಹಾಕುವ ಮಳೆಯಾಶ್ರಿತ ಬೇಸಾಯದ ತಿಳಿವಳಿಕೆ ಇದೇ: ಮಳೆ ಒಂದು ಬೆಳೆಗೆ ಕೈಕೊಟ್ಟರೂ ಇನ್ನೊಂದು ಕೈಗೆ ಬರಬಹುದು.